ಹೊಸ ಸೂಜಿಯ ಬಾಲ

ನನ್ನ ತಂಗಿ ಉಮಾ ಆರು ತಿಂಗಳ ಕಾಲ ಪ್ರತಿ ಸಂಜೆ ನನ್ನೆದುರು ಕುಳಿತು ಜರ್ಮನ್ ಪಾಠ ಒಪ್ಪಿಸಿದಳು. ಉತ್ತರದ ಹಾಳೆ ಕೈಯಲ್ಲಿ ಹಿಡಿದುಕೊಂಡು ಅವಳು ತಪ್ಪಿದಲ್ಲಿ ತಿದ್ದುವುದು ನನ್ನ ಕೆಲಸ. ಆ ಕೆಲಸವನ್ನು ನಾನು ಒಂದು ದಿನವೂ ಮಾಡಲಿಲ್ಲ. ಹಾಳೆ ಹಿಡಿದದ್ದು ನಿಜ, ತಲೆಯಾಡಿಸಿದ್ದು ನಿಜ, ಇದು ತಪ್ಪು ಇನ್ನೊಮ್ಮೆ ಹೇಳು ಎಂದು ಗದರಿದ್ದೂ ನಿಜ. ಆದರೆ ಆ ಹಾಳೆಯಲ್ಲಿ ಏನಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ನನಗೆ ಇಂಗ್ಲಿಷ್ ಅಕ್ಷರ ಓದಲು ಬರುವುದಿಲ್ಲ. ಜರ್ಮನಿಯವರು ಬರೆಯುವುದೂ ಅದೇ ಅಕ್ಷರಗಳಲ್ಲಿ ಎಂಬುದು ನನ್ನ ಪಾಲಿಗೆ ದೊಡ್ಡ ಅನ್ಯಾಯ.

ತಿಳಿಯದ ವಿಷಯಕ್ಕೆ ತಲೆಯಾಡಿಸುವುದು ನನ್ನೊಬ್ಬನ ರೋಗವೇನಲ್ಲ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು 'ಇಲ್ಲಿ ನೋಡ್ರಿ, ಹೆಂಗಾಗೈತೆ' ಎಂದರೆ, ಅಲ್ಲಿ ಕಾಣುವುದು ಶ್ವಾಸಕೋಶವೋ ಹೊಗೆಯೋ ಗೊತ್ತಾಗದೆ, 'ಹೌದ್ರಿ, ಭಾಳ ಆಗೈತೆ' ಎನ್ನುವವರೇ ನಾವೆಲ್ಲ. ಬ್ಯಾಂಕಿನಲ್ಲಿ ಕಾಗದ ಮುಂದಿಟ್ಟರೆ ಓದಿದವರ ಹಾಗೆ ಎರಡು ನಿಮಿಷ ಕಣ್ಣಾಡಿಸಿ ಆಮೇಲೆ ಸಹಿ ಹಾಕುತ್ತೇವೆ. ಆ ಎರಡು ನಿಮಿಷ ಬ್ಯಾಂಕಿನವರಿಗಲ್ಲ, ನಮ್ಮ ಮರ್ಯಾದೆಗೆ. ಆದರೆ ಅಲ್ಲೆಲ್ಲ ಕೆಟ್ಟರೆ ಕೆಡುವುದು ನಮ್ಮದೇ. ನಾನು ತಲೆಯಾಡಿಸಿದ್ದರಿಂದ ಕೆಟ್ಟದ್ದು ಇನ್ನೊಬ್ಬರದ್ದು.

ದಾವಣಗೆರೆಯ ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ ನನ್ನದು ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ಅಪ್ಪನ ಕಾಲದ್ದು. ಅಪ್ಪನ ಕಣ್ಣು ಮಂಜಾಗಿ ಸೂಜಿಯ ಕಣ್ಣು ಕಾಣದಂತಾದಾಗ, ದಾರ ಪೋಣಿಸಲು ಒಂದು ಜೊತೆ ಎಳೆಯ ಕಣ್ಣು ಬೇಕಾಯಿತು. ನಾಲ್ಕನೇ ತರಗತಿ ಮುಗಿಸಿದ್ದ ನನ್ನನ್ನು ಶಾಲೆಯಿಂದ ಬಿಡಿಸಿ ಅಂಗಡಿಯಲ್ಲಿ ಕೂಡಿಸಿದರು. ಆಗ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಯಲ್ಲಿ. ಹಾಗಾಗಿ ನಾನೂ ಇಂಗ್ಲಿಷೂ ಒಬ್ಬರನ್ನೊಬ್ಬರು ಭೇಟಿಯಾಗಲೇ ಇಲ್ಲ. ಕನ್ನಡ ಮಾತ್ರ ಅಂಗಡಿಯಲ್ಲಿ ಕುಳಿತು ಪೇಪರು, ಲೈಬ್ರರಿಯ ಪುಸ್ತಕ ಓದುತ್ತ ಒಂದು ಮಟ್ಟಕ್ಕೆ ಬಂತು.

ನನ್ನ ನಿಜವಾದ ವಿದ್ಯೆ ಇರುವುದು ಕಿವಿಯಲ್ಲಿ. ಯಂತ್ರ ತುಳಿದು ಬಿಟ್ಟರೆ ಸಾಕು, ರೋಗ ಎಲ್ಲಿದೆ ಎಂದು ಸದ್ದೇ ಹೇಳುತ್ತದೆ. ಸರಿಯಿರುವ ಯಂತ್ರ ಒಂದೇ ಸಮನೆ ಟಕಟಕ ಓಡುತ್ತದೆ. ನಡುವೆ ಒಮ್ಮೆ ತಡವರಿಸಿತೆಂದರೆ ಅಲ್ಲೇ ಇದೆ ದೋಷ. ಕೊಂಡಜ್ಜಿ ಹಳ್ಳಿಯಿಂದ ಒಬ್ಬ ದರ್ಜಿ ಬರುತ್ತಿದ್ದ. ಯಂತ್ರ ಹೊತ್ತು ತರುವ ಕಷ್ಟ ಯಾಕೆಂದು ಅದರ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಿದ್ದ. 'ಟಕ ಟಕ ಟಕ್ಕ, ಘರ್' ಎನ್ನುತ್ತಿದ್ದ. 'ಬಾಬಿನ್ ಪೆಟ್ಟಿಗೆ ಸವೆದೈತೆ, ಹೊಸದು ಹಾಕು' ಎಂದು ಕಳಿಸುತ್ತಿದ್ದೆ. ಒಮ್ಮೆಯೂ ತಪ್ಪಾಗಲಿಲ್ಲ. ಈ ಕಿವಿಯ ಮೇಲಿನ ಸೊಕ್ಕೇ ಮುಂದೆ ನನ್ನನ್ನು ಕೆಡಿಸಿತು.

ಉಮಾ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅವಳು ಐದನೇ ತರಗತಿಗೆ ಬಂದು ಎಬಿಸಿಡಿ ಕಲಿತ ದಿನ ಅಂಗಡಿಗೆ ಓಡಿ ಬಂದು, 'ಅಣ್ಣ, ನಿಂಗೆ ಇಂಗ್ಲಿಷ್ ಬರತ್ತಾ?' ಎಂದಳು. ಇಲ್ಲ ಎನ್ನಲು ಒಂದು ಕ್ಷಣ ಸಾಕಾಗಿತ್ತು. 'ಬರದೇ ಏನು, ಈ ಮಿಷನ್ನಿನ ಮೈತುಂಬ ಬರೆದಿರೋದು ಅದೇ ಅಲ್ಲೇನು' ಎಂದುಬಿಟ್ಟೆ. ಅಪ್ಪ ಹೋದ ಮೇಲೆ ಅವಳ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವವನು ನಾನೇ ಆದೆ. ಬೋರ್ಡು ಬರೆಯುವವನೊಬ್ಬನ ಹತ್ತಿರ ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು, ಬಳ್ಳಿಯ ಚಿತ್ರ ಕಲಿಯುವ ಹಾಗೆ ಕಲಿತು ಹಾಕಿದೆ. ಸಹಿ ಎಷ್ಟು ಚೆಂದ ಬಂತೆಂದರೆ ಅವಳ ಟೀಚರು ನನ್ನನ್ನು ಯಾವುದೋ ಆಫೀಸಿನಲ್ಲಿರುವವನು ಎಂದುಕೊಂಡಿದ್ದರಂತೆ.

ಉಮಾ ಬಿ.ಕಾಂ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕುಳಿತಳು. ಕುಳಿತಳು ಎಂದರೆ ಸೀರೆಗೆ ಫಾಲು ಹೊಲಿದಳು, ಟೈಪಿಂಗ್ ಕಲಿತಳು, ಅರ್ಜಿ ಹಾಕಿದಳು. ನಮ್ಮೂರು ಜಿಲ್ಲೆಯಾದ ಹೊಸತು, ಎಲ್ಲ ಕಡೆ ಹೊಸ ಆಫೀಸು ತೆರೆಯುತ್ತಿದ್ದವು. ಇವಳಿಗೆ ಮಾತ್ರ ಯಾವ ಬಾಗಿಲೂ ತೆರೆಯಲಿಲ್ಲ. ಅಷ್ಟರಲ್ಲಿ ಹರಿಹರದ ಒಂದು ಕಾರ್ಖಾನೆಗೆ ಜರ್ಮನಿಯಿಂದ ಯಂತ್ರಗಳು ಬರುತ್ತವೆ, ಅವುಗಳ ಜೊತೆ ಅಲ್ಲಿನ ಫಿಟ್ಟರುಗಳೂ ಬರುತ್ತಾರೆ, ಅವರ ಮಾತು ಬಲ್ಲ ಒಬ್ಬರು ಆಫೀಸಿಗೆ ಬೇಕು ಎಂಬ ಸುದ್ದಿ ಬಂತು. ಪಿ.ಜೆ. ಬಡಾವಣೆಯಲ್ಲಿ ಕೊಟ್ರೇಶಪ್ಪ ಎಂಬ ನಿವೃತ್ತ ಎಂಜಿನಿಯರರಿದ್ದರು. ಹನ್ನೊಂದು ವರ್ಷ ಜರ್ಮನಿಯಲ್ಲಿದ್ದು ಬಂದವರು. ಉಮಾ ಅವರ ಬಳಿ ಪಾಠಕ್ಕೆ ಸೇರಿದಳು. 'ಅಣ್ಣ, ಇದೊಂದು ಸಿಗಬೇಕು ನೋಡು. ಇದೂ ಹೋದ್ರೆ ನಾ ಜೀವಮಾನ ಫಾಲು ಹೊಲಿಯೋದೇ' ಎಂದಳು. ನಗುತ್ತ ಹೇಳಿದಳು, ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ.

ಕೊಟ್ರೇಶಪ್ಪನವರದು ಕಟ್ಟುನಿಟ್ಟಿನ ಪದ್ಧತಿ. ಪ್ರಶ್ನೆಯ ಹಾಳೆ ವಿದ್ಯಾರ್ಥಿಗೆ, ಉತ್ತರದ ಹಾಳೆ ಮನೆಯ ಹಿರಿಯರಿಗೆ. ಎರಡನ್ನೂ ತಾವೇ ಟೈಪ್ ಮಾಡಿ, ಉತ್ತರದ್ದನ್ನು ಮಡಚಿ ಅಂಟಿಸಿ ಕೊಡುತ್ತಿದ್ದರು. ಒಪ್ಪಿಸುವುದೆಲ್ಲ ಮನೆಯಲ್ಲೇ, ಅವರ ಎದುರಿಗೆ ಹೊಸ ಪಾಠ ಮಾತ್ರ. 'ಉತ್ತರ ಕೈಯಾಗಿದ್ರೆ ಬುದ್ಧಿ ಓಡಲ್ಲಮ್ಮ. ನಿಮ್ಮಣ್ಣ ಓದಿಕೊಂಡೋನಂತೆ, ಅಂವ ನೋಡ್ಕೊಳ್ಳಿ' ಎಂದಿದ್ದರಂತೆ. ಉಮಾ ಆ ಹಾಳೆಯನ್ನು ಒಮ್ಮೆಯೂ ಕದ್ದು ನೋಡಲಿಲ್ಲ. ಅವಳಲ್ಲಿ ಚೂರು ಕಳ್ಳಬುದ್ಧಿ ಇದ್ದಿದ್ದರೆ ಇಬ್ಬರೂ ಬದುಕಿಕೊಳ್ಳುತ್ತಿದ್ದೆವು. ಮನೆಯ ಅಷ್ಟೂ ಕಳ್ಳಬುದ್ಧಿ ನನ್ನೊಬ್ಬನಿಗೇ ಬಂದಿತ್ತು.

ಮೊದಮೊದಲು ತಮಾಷೆಯಾಗಿಯೇ ಇತ್ತು. ಆ ಭಾಷೆಯಲ್ಲಿ ಜೀವವಿಲ್ಲದ ವಸ್ತುಗಳಿಗೂ ಗಂಡು ಹೆಣ್ಣು ಉಂಟಂತೆ. ಕೊಟ್ರೇಶಪ್ಪನವರು ಕಾರ್ಖಾನೆಗೆ ಬೇಕಾದ ಮಾತುಗಳನ್ನೇ ಆರಿಸಿ ಕಲಿಸುತ್ತಿದ್ದರಾದ್ದರಿಂದ ಎಲ್ಲ ನನ್ನ ಅಂಗಡಿಯ ಸಾಮಾನೇ. ಸೂಜಿ, ಅದು 'ನಾಡೆಲ್', ಹೆಣ್ಣು. ಸ್ಕ್ರೂ ಹೆಣ್ಣು, ಸ್ಪ್ರಿಂಗು ಹೆಣ್ಣು, ಬಾಬಿನ್ನು ಹೆಣ್ಣು, ಕತ್ತರಿ ಹೆಣ್ಣು, ಇಕ್ಕಳ ಹೆಣ್ಣು, ಕಡೆಗೆ ಇಡೀ ಯಂತ್ರವೇ ಹೆಣ್ಣು. ಇಪ್ಪತ್ತೈದು ವರ್ಷ ಇಷ್ಟು ಹೆಣ್ಣುಗಳ ನಡುವೆ ಕುಳಿತಿದ್ದೂ ನನಗೆ ತಿಳಿದಿರಲಿಲ್ಲ. ಸುತ್ತಿಗೆ ಮಾತ್ರ ಗಂಡಂತೆ. ರೊಟ್ಟಿ ತಟ್ಟುತ್ತಿದ್ದ ಅವ್ವ ಇದನ್ನು ಕೇಳಿ, 'ಸರಿಯಾಗೇ ಹೇಳ್ಯಾರೆ ಬಿಡು. ದುಡಿಯೋವೆಲ್ಲ ಹೆಣ್ಣು, ಬಡಿಯೋದೊಂದು ಗಂಡು' ಎಂದಳು.

ಹೆಣ್ಣಾದ ಮಾತ್ರಕ್ಕೆ ಮುಗಿಯಲಿಲ್ಲ. ಅದಕ್ಕೆ ಮೊದಲು ಬರುವ ಬಣ್ಣನೆಯ ಮಾತಿಗೆ ಬಾಲ ಬರುತ್ತದೆ. ನಮ್ಮಲ್ಲಿ 'ಹೊಸ ಸೂಜಿ' ಎಂದರೂ 'ಹೊಸ ಸೂಜಿಯಿಂದ' ಎಂದರೂ 'ಹೊಸ' ಎಂಬುದು ಸೋಫಾದ ಮೇಲೆ ಕುಳಿತ ಬೀಗರ ಹಾಗೆ ಅಲುಗುವುದಿಲ್ಲ. ಓಡಾಟವೆಲ್ಲ ಸೂಜಿಯದೇ. ಅಲ್ಲಿ ಹಾಗಲ್ಲ. ಹೊಸ ಸೂಜಿ ಸುಮ್ಮನೆ ಇದ್ದರೆ 'ನೊಯೆ ನಾಡೆಲ್'. ಹೊಸ ಸೂಜಿಯಿಂದ ಏನಾದರೂ ಮಾಡಿದಿರೋ, ಸೂಜಿ ತೆಪ್ಪಗಿರುತ್ತದೆ, 'ಹೊಸ' ಎಂಬುದು ಬಾಲ ಬೆಳೆಸಿಕೊಂಡು 'ನೊಯೆನ್' ಆಗುತ್ತದೆ. ಅದಕ್ಕೆ ಮೊದಲು 'ಡೆರ್' ಎಂಬ ಪುಟ್ಟ ಮಾತು ಇಲ್ಲದಿದ್ದರೆ ಬಾಲ ಮತ್ತೆ ಬದಲಾಗಿ 'ನೊಯೆರ್' ಆಗುತ್ತದೆ. ಇದನ್ನೆಲ್ಲ ಈಗ ಇಷ್ಟು ಧೈರ್ಯದಿಂದ ಹೇಳುತ್ತಿದ್ದೇನೆ. ಆಗ ನನಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ.

ಗೊತ್ತಿಲ್ಲದೆ ಹೇಗೆ ತಿದ್ದುತ್ತಿದ್ದೆ ಎಂದರೆ, ಕಿವಿಯಿಂದ. ಉಮಾ ತಡವರಿಸದೆ ಹೇಳಿದರೆ ಸರಿ. ನಡುವೆ ತಡೆದು ನಿಂತರೆ ತಪ್ಪು. ಯಂತ್ರಕ್ಕೆ ನಡೆದದ್ದು ತಂಗಿಗೆ ನಡೆಯದೇ ಎಂದುಕೊಂಡೆ. ಪಾಪ, ಅವಳು ಯೋಚಿಸಿ, ಪಾಠ ನೆನಪಿಸಿಕೊಂಡು, 'ಹೊಸ ಸೂಜಿಯಿಂದ' ಎನ್ನುವುದಕ್ಕೆ 'ಡೆರ್ ನೊಯೆ... ನೊಯೆನ್ ನಾಡೆಲ್' ಎಂದು ಸರಿಯಾಗಿಯೇ ಹೇಳುತ್ತಿದ್ದಳು. ತಡವರಿಸಿದಳಲ್ಲ, ನಾನು ಹಾಳೆ ನೋಡುತ್ತ 'ತಪ್ಪು' ಎನ್ನುತ್ತಿದ್ದೆ. ಅವಳು ಕಂಗಾಲಾಗಿ 'ನೊಯೆರ್?' ಎನ್ನುತ್ತಿದ್ದಳು. ಅದೂ ತಡವರಿಕೆಯೇ, 'ತಪ್ಪು'. ಕೊನೆಗೆ ಬೇಸತ್ತು 'ನೊಯೆ ನಾಡೆಲ್, ನೊಯೆ ನಾಡೆಲ್' ಎಂದು ಗಡಗಡ ಹೇಳಿದಾಗ, ಎಣ್ಣೆ ಬಿಟ್ಟ ಯಂತ್ರದ ಹಾಗೆ ಇಂಪಾಗಿ ಕೇಳುತ್ತಿತ್ತು. 'ಈಗ ಸರಿಯಾತು ನೋಡು' ಎನ್ನುತ್ತಿದ್ದೆ. ಹೀಗೆ ಆರು ತಿಂಗಳಲ್ಲಿ ನಾನು ಎಲ್ಲ ಹೆಣ್ಣುಗಳ ಬಾಲವನ್ನೂ ಕತ್ತರಿಸಿ ಕೈಗೆ ಕೊಟ್ಟೆ. ಉಮಾಳ ಜರ್ಮನ್ ನದಿಯಂತೆ ಹರಿಯತೊಡಗಿತು. ಅವ್ವನಂತೂ ಪಕ್ಕದ ಮನೆಯವರನ್ನು ಕರೆದು ಕೂಡಿಸಿ ಕೇಳಿಸುತ್ತಿದ್ದಳು.

ಪರೀಕ್ಷೆಗೆ ಹರಿಹರಕ್ಕೆ ಹೋದವಳು ಮಧ್ಯಾಹ್ನವೇ ವಾಪಸು ಬಂದಳು. ಚಪ್ಪಲಿ ಬಿಡುವ ರೀತಿಯಲ್ಲೇ ಗೊತ್ತಾಯಿತು. ಅಲ್ಲಿದ್ದ ಜರ್ಮನಿಯವನು ಯಂತ್ರದ ಭಾಗಗಳ ಹೆಸರು ಕೇಳಿದಾಗ ಇವಳೇ ಎಲ್ಲರಿಗಿಂತ ಚುರುಕಂತೆ. ಆಮೇಲೆ ವಾಕ್ಯ ಬರೆಯಲು ಕೊಟ್ಟರಂತೆ. ಎಲ್ಲೆಲ್ಲಿ ಹೆಣ್ಣು ಬಂತೋ ಅಲ್ಲೆಲ್ಲ ಕೆಂಪು ಗೆರೆ. 'ನನ್ನ ತಲೀನೇ ಸರಿಯಿಲ್ಲ ಅಣ್ಣ. ನೀ ದಿನಾ ಅಷ್ಟು ತಿದ್ದಿದ್ರೂ ಹಿಂಗಾತು' ಎಂದಳು. ಬಾಯಿ ತೆರೆದೆ. ತೆರೆದ ಬಾಯಿಂದ ಬಂದ ಮಾತು, 'ಇರ್ಲಿ ಬಿಡು, ಚಾ ಕುಡಿ.'

ಪಾಪಕ್ಕೆ ಪ್ರಾಯಶ್ಚಿತ್ತವಾಗಲೆಂದು ಮರುದಿನ ಪುಸ್ತಕದ ಅಂಗಡಿಗೆ ಹೋಗಿ, ದಪ್ಪನೆಯ ಜರ್ಮನ್ ಡಿಕ್ಷನರಿ ಕೊಡಿ ಎಂದೆ. ಅಂಗಡಿಯವನು ಧೂಳು ಕೊಡವಿ ಒಂದು ಕೊಟ್ಟ. ನಾನು ಅದರ ಹಾಳೆ ಮಗುಚಿ, ಗಂಭೀರವಾಗಿ ನೋಡಿ, 'ಹೂಂ, ಇದೇ' ಎಂದೆ. ಉಮಾ ಅದನ್ನು ತೆರೆದು, 'ಅಣ್ಣ, ಇದು ಫ್ರೆಂಚ್' ಎಂದಳು. 'ಗೊತ್ತು. ಅದೂ ಒಂದಿರ್ಲಿ ಅಂತ ತಂದೆ' ಎಂದೆ. ಅವಳು ನಂಬಿದಳು. ಅವಳು ನಂಬಿದಷ್ಟೂ ನಾನು ಚಿಕ್ಕವನಾಗುತ್ತಿದ್ದೆ.

ಇಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಕೊಟ್ರೇಶಪ್ಪನವರು ಸುಮ್ಮನಿರಲಿಲ್ಲ. ಉಮಾ ಒಯ್ದು ತೋರಿಸಿದ ಪರೀಕ್ಷೆಯ ಕಾಗದ ನೋಡಿದವರೇ, 'ಗೊತ್ತಿಲ್ಲದೋರು ಒಂದೊಂದು ಸಲ ಒಂದೊಂದು ತಪ್ಪು ಮಾಡ್ತಾರಮ್ಮ. ನೀನು ಎಲ್ಲ ಕಡೆ ಒಂದೇ ತಪ್ಪು ಮಾಡೀಯ. ಇದು ಕಲಿತ ತಪ್ಪು. ಎಲ್ಲಿ ಕಲಿತಿ?' ಎಂದರಂತೆ. ಉಮಾ ಏನು ಹೇಳಿದಳು ಗೊತ್ತೇ? 'ಅಣ್ಣ ನಿಮ್ಮ ಹಾಳೆ ನೋಡ್ಕಂಡೇ ತಿದ್ದಾನೆ ಸರ್. ಹಾಳ್ಯಾಗೇ ಟೈಪ್ ತಪ್ಪಿರಬೇಕು.' ಹನ್ನೊಂದು ವರ್ಷ ಜರ್ಮನಿಯಲ್ಲಿದ್ದವರ ಹಾಳೆ ತಪ್ಪಿರಬಹುದು, ಅಣ್ಣ ತಪ್ಪಿರಲಾರ. ಅವರು ಹಳೆಯ ಉತ್ತರದ ಹಾಳೆಗಳನ್ನೆಲ್ಲ ತರಲು ಹೇಳಿ ಕಳಿಸಿದರು. ಅವು ಅಂಗಡಿಯ ಡ್ರಾಯರಿನಲ್ಲಿದ್ದವು. ಆ ಸಂಜೆ ನಾನು ಅವುಗಳ ಮೇಲೆ ಒಂದು ಡಬ್ಬಿ ಮಿಷನ್ ಎಣ್ಣೆ ಬಗ್ಗಿಸಿದೆ. 'ಎಣ್ಣಿ ಚೆಲ್ಲಿಬಿಡ್ತು, ಒಂದಕ್ಷರ ಉಳಿದಿಲ್ಲ' ಎಂದು ಹೇಳಿ ಕಳಿಸಿದೆ. ಓದು ಬಾರದ್ದು ನನ್ನ ಹಣೆಬರಹ ಎನ್ನಬಹುದು. ಎಣ್ಣೆ ಬಗ್ಗಿಸಿದ್ದು ನನ್ನ ಕೈ.

ಅದರ ಫಲ ನಾನು ಎಣಿಸಿರದಂಥದ್ದು. ಎಪ್ಪತ್ತು ದಾಟಿದ ಆ ಮನುಷ್ಯ, ತನಗೆ ವಯಸ್ಸಾಯಿತು, ಟೈಪು ಮಾಡುವಾಗ ತಪ್ಪುತ್ತಿದೆ ಎಂದು ನಂಬಿಬಿಟ್ಟರು. ಹಳೆಯ ವ್ಯಾಕರಣದ ಪುಸ್ತಕ ತೆಗೆದು ಮೊದಲಿನಿಂದ ಓದಲು ಕುಳಿತರಂತೆ. ಅಷ್ಟೇ ಅಲ್ಲ, ಕಾರ್ಖಾನೆಗೆ ಹೋಗಿ, 'ತಪ್ಪು ನಂದು, ಹುಡುಗೀದಲ್ಲ. ಇನ್ನೊಂದು ಅವಕಾಶ ಕೊಡ್ರಿ' ಎಂದು ಕೇಳಿಕೊಂಡರು. ಆರಿಸಲು ಸರಿಯಾದವರು ಬೇರೆ ಯಾರೂ ಸಿಕ್ಕಿರಲಿಲ್ಲವೋ ಏನೋ, ಅವರು ಒಪ್ಪಿದರು. ನಾನು ಮೂರು ವಾರ ಕೆಲಸ ಹೆಚ್ಚೆಂದು ಸುಳ್ಳು ಹೇಳಿ ಪಾಠ ಒಪ್ಪಿಸಿಕೊಳ್ಳುವುದರಿಂದ ತಪ್ಪಿಸಿಕೊಂಡೆ. ಆ ಮೂರು ವಾರದಲ್ಲಿ ತಪ್ಪಾಯಿತು ಎಂಬ ಮಾತನ್ನು ಎಷ್ಟು ಸಲ ಹೇಳಿದೆನೆಂದರೆ ಲೆಕ್ಕವಿಲ್ಲ. ದೇವರ ಫೋಟೋಕ್ಕೆ ಹೇಳಿದೆ, ಅಂಗಡಿಯ ಯಂತ್ರ ತುಳಿಯುತ್ತ ಅದರ ಸದ್ದಿನಲ್ಲಿ ಹೇಳಿದೆ. ಉಮಾ ಎದುರು ಬಂದರೆ, 'ಊಟ ಆತಾ?'

ಎರಡನೆಯ ಪರೀಕ್ಷೆಗೆ 'ನೀನೂ ಬಾ ಅಣ್ಣ, ಧೈರ್ಯ ಇರತ್ತೆ' ಎಂದು ನನ್ನನ್ನೂ ಹೊರಡಿಸಿದಳು. ಹರಿಹರದ ಬಸ್ಸು ಕಿಕ್ಕಿರಿದಿತ್ತು. ಹೇಗೋ ಇಬ್ಬರಿಗೆ ಸೀಟು ಸಿಕ್ಕಿತು. ಊರು ದಾಟುವ ಮೊದಲೇ ಅವಳು ಚೀಲದಿಂದ ಅಂಟಿಸಿದ ಒಂದು ಹಾಳೆ ತೆಗೆದಳು. ಬಸ್ಸಿನ ಗದ್ದಲದಲ್ಲಿ ಕೇಳಲೆಂದು ನನ್ನ ಕಿವಿಯ ಹತ್ತಿರ ಬಾಯಿ ತಂದು, 'ಸರ್ ಹೊಸದಾಗಿ ಟೈಪ್ ಮಾಡಿ ಕೊಟ್ಟಾರೆ. ನಾನು ಒಡೆದಿಲ್ಲ, ಅವರ ಪದ್ಧತಿ ಅಲ್ವಾ. ಹೊಸ ಸೂಜಿಯಿಂದ ಅನ್ನೋದಕ್ಕೆ ಅವರು ನೊಯೆನ್ ಅಂತಾರೆ. ಆದ್ರೆ ಅವರೇ, ನನಗ ನನ್ನ ಮ್ಯಾಲೇ ನಂಬಿಕೆಯಿಲ್ಲ, ನಿಮ್ಮಣ್ಣನ್ನೂ ಒಂದು ಮಾತು ಕೇಳು ಅಂದ್ರು. ನೀನು ನೋಡಿ ಹೇಳು. ನೀ ಹೇಳಿದ್ದೇ ಬರೀತೀನಿ' ಎಂದಳು.

ಹಾಳೆ ಒಡೆದೆ. ಕಪ್ಪಿರುವೆಗಳ ಸಾಲು. ನಾನು ಯಾವುದೋ ಒಂದನ್ನು ಹೇಳಬಹುದಿತ್ತು, ಅರ್ಧ ಪಾಲು ಸರಿಯಾಗುವ ಸಂಭವವೂ ಇತ್ತು. ಪಕ್ಕದಲ್ಲಿ ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು, ಚಿಕ್ಕಂದಿನಲ್ಲಿ ಮಾರ್ಕ್ಸ್ ಕಾರ್ಡು ಹಿಡಿದು ನಿಲ್ಲುತ್ತಿದ್ದ ಹಾಗೆಯೇ. 'ನನಗ ಓದಾಕ ಬರಲ್ಲ' ಎಂದೆ. 'ಏನು?' ಎಂದಳು. ಎಂಜಿನ್ನಿನ ಅಬ್ಬರ, ಪ್ರಯಾಣಿಕರ ಗಲಾಟೆ. ದನಿ ಏರಿಸಿದೆ. ಆಗಲೂ 'ಏನಣ್ಣ?' ಎಂದಳು. ನಾನು ಇದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿಕೊಂಡೆ. ಅದೇ ಗಳಿಗೆಗೆ ರೈಲ್ವೆ ಗೇಟು ಹಾಕಿತ್ತು, ಡ್ರೈವರು ಡೀಸೆಲ್ ಉಳಿಸಲು ಎಂಜಿನ್ ಆರಿಸಿದ. ಇಡೀ ಬಸ್ಸು ಸ್ತಬ್ಧವಾದಾಗ ನನ್ನ ದನಿ ಒಂದೇ ಮೊಳಗಿತು: 'ನನಗ ಇಂಗ್ಲಿಷ್ ಅಕ್ಷರ ಓದಾಕ ಬರಲ್ಲ, ಒಂದೂ ಬರಲ್ಲ.'

ಎಲ್ಲರೂ ತಿರುಗಿ ನೋಡಿದರು. ಮುಂದಿನ ಸೀಟಿನ ಅಜ್ಜಿ, 'ಏನಂತೆ ಅಂವಂದು?' ಎಂದಳು. ಕಂಡಕ್ಟರು, 'ಓದಾಕ ಬರಲ್ವಂತೆ ಅಜ್ಜಿ' ಎಂದ. 'ಅಯ್ಯ, ನಂಗೂ ಬರಲ್ಲ. ಅದಕ್ಯಾಕ ಹಂಗ ಕೂಗ್ತಾನೆ?' ಎಂದಳು ಅಜ್ಜಿ. ಹಿಂದಿನಿಂದ ನನ್ನ ಅಂಗಡಿಯ ಗಿರಾಕಿಯೊಬ್ಬ, ಸಾರಥಿ ಎಂಬ ಊರಿನವನು, 'ಅದಕ್ಕೇನಾತು ಮಲ್ಲೇಶಣ್ಣ, ಮಿಷನ್ ರಿಪೇರಿ ಬರತ್ತಲ್ಲ' ಎಂದು ಸಮಾಧಾನ ಹೇಳಿದ. ಉಮಾ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಹರಿಹರದವರೆಗೂ ತುಟಿ ಅಲುಗಿಸುತ್ತ ಓದಿದಳು. ಕಾರ್ಖಾನೆಯೊಳಗೆ ಹೋದಳು. ನಾನು ಗೇಟಿನ ಹೊರಗೆ ಮೂರು ತಾಸು ನಿಂತೆ. ಹೊರಗೆ ಬಂದವಳು, 'ಎಲ್ಲಾ ಬಾಲ ಬರೆದೆ. ಒಂದನೇ ತಾರೀಖಿಂದ ಬರಾಕೆ ಹೇಳ್ಯಾರೆ' ಎಂದಳು. ನನ್ನ ಕಡೆ ನೋಡಲಿಲ್ಲ. ವಾಪಸು ಬಸ್ಸಿನಲ್ಲಿ ಅರ್ಧ ದಾರಿಯಾದ ಮೇಲೆ ಕೇಳಿದಳು: 'ಓದಾಕ ಬರಲ್ಲ ಅನ್ನೋದಕ್ಕ ನಂಗೇನೂ ಸಿಟ್ಟಿಲ್ಲ. ಎಣ್ಣಿ ತಾನಾಗೇ ಚೆಲ್ಲಿತಾ, ನೀ ಚೆಲ್ಲಿದ್ಯಾ?' ನಾನು ಕಿಟಕಿಯ ಹೊರಗೆ ನೋಡಿದೆ. 'ಹಂಗಾದ್ರೆ ಮನೆಗ್ ಬ್ಯಾಡ. ಸೀದಾ ಸರ್ ಮನೆಗ್ ನಡಿ' ಎಂದಳು. ನಾನು ಇಷ್ಟು ವರ್ಷ ಅವಳಿಗೆ ಹೇಳುತ್ತಿದ್ದ ದನಿಯಲ್ಲೇ ಹೇಳಿದಳು.

ಪಿ.ಜೆ. ಬಡಾವಣೆಯ ಆ ಮನೆಯ ವರಾಂಡದಲ್ಲಿ ಕೊಟ್ರೇಶಪ್ಪನವರು ಕನ್ನಡಕ ಹಾಕಿಕೊಂಡು ವ್ಯಾಕರಣದ ಪುಸ್ತಕದೊಳಗೆ ಮುಖವಿಟ್ಟು ಕುಳಿತಿದ್ದರು. 'ಬರ್ರಿ, ಕೂಡ್ರಿ' ಎಂದರು. ಕುಳಿತರೆ ಮತ್ತೆ ಊಟ ಆಯಿತಾ ಎಂದು ಕೇಳಿಬಿಡುತ್ತೇನೆಂದು ನಿಂತೇ ಇದ್ದೆ. ನಿಂತು ಅಷ್ಟನ್ನೂ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಮೆಲ್ಲಗೆ ಪುಸ್ತಕ ಮುಚ್ಚಿ, ಒಳಗೆ ತಿರುಗಿ, 'ಏ ಕೇಳ್ತೇನು, ನನ್ನ ಹಾಳೆ ಸರಿಯಿತ್ತಂತೆ. ನನ್ನ ತಲಿ ಸರಿಯಾಗೈತಂತೆ' ಎಂದು ಹೆಂಡತಿಯನ್ನು ಕೂಗಿದರು. ಆ ಖುಷಿಯನ್ನು ನೋಡಿದ ಮೇಲೆ, ಅವರು ಬೈದಿದ್ದರೇ ಚೆನ್ನಾಗಿತ್ತು ಅನಿಸಿತು.

ಉಮಾ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಇನ್ನೂ ಹೊರಡಲಿಲ್ಲ. ಮೂವತ್ತನಾಲ್ಕು ವರ್ಷದ ಗಂಡಸು, ಅದೂ ಮನೆಯ ಯಜಮಾನ, ತಾನೆತ್ತಿ ಆಡಿಸಿದ ತಂಗಿಗೆ ಆ ಮಾತು ಹೇಳುವ ರೂಢಿ ನಮ್ಮ ಮನೆಯಲ್ಲಿಲ್ಲ. ಹೇಳುವಾಗ ಎಲ್ಲಿ ನೋಡಬೇಕೆಂದೂ ನನಗೆ ತಿಳಿಯಲಿಲ್ಲ. ಅವಳ ಪಾದದ ಕಡೆ ನೋಡಿದೆ. ಆಮೇಲೆ ಮುಖ ನೋಡಿದೆ.

'ಸರ್, ತಪ್ಪಾತ್ರಿ. ಉಮಾ, ತಪ್ಪಾತವ್ವ. ಗೊತ್ತಿಲ್ಲ ಅನ್ನಾಕ ನಾಚಿಕೆಯಾತು, ಅದಕ್ಕ ನಿನ್ನ ಕೆಡಿಸಿದೆ.'